ಮುಖದ ರಂಧ್ರಗಳು ದೊಡ್ಡದಾಗಿ ಕಾಣುತ್ತಿವೆಯಾ? ಹೀಗೆ ಮಾಡಿ

ಬಿಸಿನೀರಿಗೆ ರಂಧ್ರ ತೆರೆದುಕೊಳ್ಳುತ್ತದೆ, ಐಸ್ ಉಜ್ಜಿದರೆ ಮುಚ್ಚುತ್ತದೆ ಅನ್ನುವುದನ್ನು ನಂಬಬೇಡಿ. ಹಾಗೆ ತೆರೆದು ಮುಚ್ಚುವ ಸ್ನಾಯು ಅಲ್ಲಿಲ್ಲ. ಒಳಗೆ ಜಿಡ್ಡು, ಸತ್ತ ಚರ್ಮ ಸೇರಿಕೊಂಡು ರಂಧ್ರದ ಬಾಯಿ ಹಿಗ್ಗುತ್ತದೆ, ಅಷ್ಟೇ. ಕನ್ನಡಿ ಹತ್ತಿರ ಹಿಡಿದು ಮೂಗಿನ ಪಕ್ಕ ನೋಡಿ, ಕಪ್ಪು ಚುಕ್ಕಿ ಕಾಣುತ್ತದಲ್ವಾ? ಅದು ಕೊಳೆಯಲ್ಲ, ಗಾಳಿ ತಗುಲಿ ಕಪ್ಪಾದ ಜಿಡ್ಡು. ಉಗುರಿನಿಂದ ಹಿಂಡಿದರೆ ಕಲೆ ಉಳಿಯುತ್ತದೆ, ದಯವಿಟ್ಟು ಬೇಡ.

ದಿನಕ್ಕೆ ಎರಡು ಸಲ ಮೃದುವಾದ ಫೇಸ್‌ವಾಶ್ ಸಾಕು. ನಿಜವಾಗಿ ಕೆಲಸ ಮಾಡುವುದು ಶೇ. 2ರ ಸ್ಯಾಲಿಸಿಲಿಕ್ ಆಸಿಡ್. ಅದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗೇ ಇಳಿದು ಕಟ್ಟಿಕೊಂಡ ಜಿಡ್ಡನ್ನು ಸಡಿಲ ಮಾಡುತ್ತದೆ. ವಾರಕ್ಕೆ ಎರಡು ರಾತ್ರಿಯಿಂದ ಶುರು ಮಾಡಿ, ಉರಿ ಇಲ್ಲದಿದ್ದರೆ ಜಾಸ್ತಿ ಮಾಡಿ. ಮೇಲೆ ಎಣ್ಣೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ಜಿಡ್ಡು ಮುಖಕ್ಕೂ ಅದು ಬೇಕು. ಮೊಡವೆಗೆ ಹಚ್ಚುವ ಔಷಧಿ ಅಡಾಪಲೀನ್ ಜೆಲ್ ಕೂಡ ಒಳ್ಳೆಯದೇ, ಆದರೆ ಚರ್ಮದ ಡಾಕ್ಟರನ್ನು ಕೇಳಿಯೇ ಹಚ್ಚಿ. ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ ಸಾಕು, ಗರ್ಭಿಣಿಯರಿಗೆ ಮಾತ್ರ ಬೇಡ. ಫಲ ಕಾಣಲು ಎರಡು ಮೂರು ತಿಂಗಳು ಬೇಕು.

ಬೆಳಗ್ಗೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್ ತಪ್ಪಿಸಬೇಡಿ, ಬಿಸಿಲಿಗೆ ಚರ್ಮ ಸಡಿಲವಾದರೆ ರಂಧ್ರಗಳು ಇನ್ನೂ ಎದ್ದು ಕಾಣುತ್ತವೆ. ನಿಂಬೆರಸ, ಅಡುಗೆ ಸೋಡಾ ಹಚ್ಚಿ ಸುಮ್ನೆ ಮುಖ ಸುಟ್ಟುಕೊಳ್ಳಬೇಡಿ.