ಹ್ಯಾಂಡಲ್ ತಿರುಗಿದತ್ತ ತಿರುಗುವ ಬೆಳಕು

ತೋಟದೊಳಗೆ ರಾತ್ರಿ ಎಟಿವಿ (ಬೈಕಿನಂತೆ ಹ್ಯಾಂಡಲ್ ಇರುವ, ಕಚ್ಚಾ ದಾರಿಯ ನಾಲ್ಕು ಚಕ್ರದ ಗಾಡಿ) ಓಡಿಸುವವರಿಗೆ ಈ ತೊಂದರೆ ಚೆನ್ನಾಗಿ ಗೊತ್ತು. ಹೆಡ್‌ಲೈಟ್ ಗಾಡಿಯ ಮುಂಭಾಗದ ಬಾಡಿಯಲ್ಲಿ ಕೂತಿದ್ದರೆ, ಗಾಡಿಯ ಮೂತಿ ಯಾವ ಕಡೆಗಿದೆಯೋ ಆ ಕಡೆಗಷ್ಟೇ ಬೆಳಕು ಬೀಳುತ್ತದೆ. ತಿರುವಿನಲ್ಲಿ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಎಳೆದರೂ ಬೆಳಕು ಎದುರಿನ ಕಾಫಿ ಗಿಡಗಳ ಮೇಲೇ ನಿಂತಿರುತ್ತದೆ. ನಾವು ಹೋಗಬೇಕಾದ ದಾರಿ ಮಾತ್ರ ಕತ್ತಲು. ಡಾಂಬರು ರಸ್ತೆಯ ಉದ್ದನೆಯ ತಿರುವುಗಳಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ತೋಟದ ದಾರಿಯಲ್ಲಿ ಹಾಗಲ್ಲ, ಅಲ್ಲಿ ತಿರುವುಗಳೇ ಹೆಚ್ಚು.

ನಮ್ಮದು ಸಕಲೇಶಪುರದ ಕಡೆಯ ರೊಬಸ್ಟಾ ತೋಟ. ಫೆಬ್ರುವರಿ, ಮಾರ್ಚ್ ಬಂತೆಂದರೆ ಮೊಗ್ಗು ಬಲಿತಿರುತ್ತದೆ. ಮಳೆ ಬಾರದಿದ್ದರೆ ಹೂವಿಗೆ ಸ್ಪ್ರಿಂಕ್ಲರ್ ನೀರನ್ನೇ ಕೊಡಬೇಕು. ಕೆರೆಯ ಮೋಟಾರಿಗೆ ತ್ರೀ ಫೇಸ್ ವಿದ್ಯುತ್ ರಾತ್ರಿ ಬಂದರೆ ಕೆಲಸವೂ ರಾತ್ರಿಯೇ. ಕೆಲವು ಗಂಟೆಗೊಮ್ಮೆ ಹೋಗಿ ಪೈಪು ಬಿಚ್ಚಿ ಜಾಗ ಬದಲಿಸಬೇಕು, ಸೋರುವ ಜೋಡಣೆಗಳನ್ನು ನೋಡಬೇಕು. ಮೇಲಾಗಿ ಇದು ಆನೆ ಓಡಾಡುವ ಸೀಮೆ. ಆನೆ ಹತ್ತಿರದಲ್ಲಿದೆ ಎಂಬ ಸುದ್ದಿಯಿದ್ದ ರಾತ್ರಿ ನಾನು ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯುವುದೇ ಇಲ್ಲ, ಎಂಥ ದೀಪವಿದ್ದರೂ ಅಷ್ಟೇ. ಸುದ್ದಿ ಇಲ್ಲದ ರಾತ್ರಿಯಲ್ಲೂ ತಿರುವಿನ ಆಚೆ ಏನಿದೆ ಎಂಬುದು ಗಾಡಿ ತಿರುಗಿದ ಮೇಲಲ್ಲ, ಅದಕ್ಕೆ ಮೊದಲೇ ಕಾಣಬೇಕು. ಹ್ಯಾಂಡಲ್ ಮೇಲೆ ಪ್ರತ್ಯೇಕ ದೀಪ ಕೂರಿಸಲು ಹೊರಟದ್ದು ಈ ಕಾರಣಕ್ಕೆ.

ಪಟ್ಟಣದ ಆಟೊ ಎಲೆಕ್ಟ್ರಿಷಿಯನ್ 120 ವ್ಯಾಟ್‌ನ ಉದ್ದನೆಯ ಲೈಟ್ ಬಾರ್ ತೋರಿಸಿದರು. ಜೀಪಿನ ಮೇಲೆ ಅದು ಚೆನ್ನ. ಆದರೆ 12 ವೋಲ್ಟ್ ಗಾಡಿಯಲ್ಲಿ 120 ವ್ಯಾಟ್ ಎಂದರೆ 10 ಆಂಪಿಯರ್. ಎಟಿವಿಯ ಬ್ಯಾಟರಿ ಚಿಕ್ಕದು, ಕರೆಂಟ್ ಉತ್ಪಾದಿಸುವ ಕಾಯಿಲ್ ಕೂಡ ಚಿಕ್ಕದು, ಎಂಜಿನ್ ನಿಧಾನವಾಗಿ ತಿರುಗುವಾಗ ಆ ಕಾಯಿಲ್ ಕೊಡುವುದು ಇನ್ನೂ ಕಡಿಮೆ. ತೋಟದಲ್ಲಿ ನಾವು ಓಡಿಸುವುದೇ ಆಳು ನಡೆಯುವ ವೇಗದಲ್ಲಿ. ಅದಲ್ಲದೆ ನನಗೆ ಬೇಕಿದ್ದದ್ದು ಹೆಚ್ಚು ಬೆಳಕಲ್ಲ, ಸರಿಯಾದ ಕಡೆಗೆ ಬೀಳುವ ಬೆಳಕು. ಹಾಗಾಗಿ 20 ವ್ಯಾಟ್‌ನ ಒಂದೇ ಎಲ್‌ಇಡಿ ದೀಪ ತಂದೆ. ಅದು ಎಳೆಯುವುದು 2 ಆಂಪಿಯರ್‌ಗಿಂತ ಕಡಿಮೆ. ಹಳೆಯ 55 ವ್ಯಾಟ್ ಹ್ಯಾಲೊಜೆನ್ ಆಗಿದ್ದರೆ ನಾಲ್ಕೂವರೆ ಬೇಕಾಗುತ್ತಿತ್ತು. ದೂರಕ್ಕೆ ಚುಚ್ಚುವ ಕಿರಣದ್ದನ್ನು ಬಿಟ್ಟು ಅಗಲವಾಗಿ ಹರಡುವುದನ್ನೇ ಆರಿಸಿದೆ. ಸಿಲ್ವರ್ ಓಕ್ ಸಾಲುಗಳ ನಡುವೆ ಇನ್ನೂರು ಅಡಿ ದೂರ ಕಂಡು ಆಗಬೇಕಾದದ್ದೇನೂ ಇಲ್ಲ. ಮುಂದಿನ ನಲವತ್ತು ಐವತ್ತು ಅಡಿ, ಅದರ ಎರಡೂ ಬದಿ, ಚರಂಡಿಯ ಅಂಚು ಕಂಡರೆ ಸಾಕು.

ದೀಪವನ್ನು ಹ್ಯಾಂಡಲಿನ ನಟ್ಟನಡುವೆ, ಮೀಟರಿಗೆ ಅಡ್ಡ ಬಾರದಂತೆ ತುಸು ಮುಂದಕ್ಕೆ ಚಾಚಿ ಕೂರಿಸಿದೆ. ಕ್ಲಾಂಪ್ ಕೊಳ್ಳುವ ಮೊದಲು ಹ್ಯಾಂಡಲ್ ಕೊಳವೆಯ ದಪ್ಪ ಅಳೆದುಕೊಳ್ಳಬೇಕು. ಸಾಮಾನ್ಯವಾಗಿ ಅದು 22 ಮಿಲಿಮೀಟರ್ ಇರುತ್ತದೆ, ಕೆಲವು ಗಾಡಿಗಳಲ್ಲಿ ನಡುಭಾಗ ಅದಕ್ಕಿಂತ ದಪ್ಪ. ಕ್ಲಾಂಪಿನ ಅಡಿಗೆ ಹಳೆಯ ಸೈಕಲ್ ಟ್ಯೂಬಿನ ಒಂದು ಪಟ್ಟಿ ಸುತ್ತಿದರೆ ಜಾರುವುದಿಲ್ಲ, ಅದುರುವುದೂ ಕಡಿಮೆ. ಮುಂದಿನ ಕ್ಯಾರಿಯರ್ ಕಂಬಿಗಳ ಮೇಲೆ ಬೆಳಕು ಬಿದ್ದು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಕಂಬಿಗಳಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದ ಮೇಲೆ ಅದು ನಿಂತಿತು. ಆ ಕ್ಯಾರಿಯರ್ ಮೇಲೆ ಗೊಬ್ಬರದ ಚೀಲ ಹೇರಿದಾಗ ದೀಪಕ್ಕೆ ಮರೆಯಾಗುತ್ತದೆಯೇ ಎಂದೂ ನೋಡಿಕೊಂಡೆ.

ಇನ್ನು ವೈರಿಂಗ್. ಇರುವ ಹೆಡ್‌ಲೈಟ್ ವೈರಿಗೇ ಹೊಸ ದೀಪವನ್ನು ಜೋಡಿಸಿಬಿಡುವುದು ಸುಲಭದ ದಾರಿ. ನಾನು ಹಾಗೆ ಮಾಡಲಿಲ್ಲ. ಬ್ಯಾಟರಿಯ ಧನ ತುದಿಯಿಂದ ನೇರವಾಗಿ 1.5 ಚದರ ಮಿಲಿಮೀಟರ್ ವೈರು ಎಳೆದು, ತುದಿಯಿಂದ ಒಂದು ಗೇಣಿನೊಳಗೇ 5 ಆಂಪಿಯರ್ ಫ್ಯೂಸ್ ಹಾಕಿದೆ. ಫ್ಯೂಸ್ ದೂರವಿದ್ದರೆ ಬ್ಯಾಟರಿಗೂ ಅದಕ್ಕೂ ನಡುವಿನ ವೈರಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಫ್ಯೂಸಿನಿಂದ ರಿಲೇಯ (ಅಲ್ಪ ಕರೆಂಟಿನಿಂದ ಹೆಚ್ಚಿನ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) 30ನೇ ಪಿನ್ನಿಗೆ, 87ರಿಂದ ದೀಪಕ್ಕೆ, 85 ಚಾಸಿಸ್ಸಿಗೆ, 86ಕ್ಕೆ ಕೀ ಹಾಕಿದಾಗ ಮಾತ್ರ ಜೀವ ಬರುವ ವೈರಿನಿಂದ, ಹ್ಯಾಂಡಲ್ ಮೇಲಿನ ಚಿಕ್ಕ ಸ್ವಿಚ್ ಮೂಲಕ. ಇಷ್ಟು ಸಣ್ಣ ದೀಪಕ್ಕೆ ರಿಲೇ ಏಕೆ ಎಂದು ಕೇಳುವವರಿದ್ದಾರೆ. ಹೀಗೆ ಮಾಡಿದರೆ ಗಾಡಿಯ ಮೂಲ ವೈರಿನ ಮೇಲೆ ರಿಲೇ ಕಾಯಿಲಿನ ತೀರ ಅಲ್ಪ ಹೊರೆ ಮಾತ್ರ ಬೀಳುತ್ತದೆ, ಮತ್ತು ಕೀ ತೆಗೆದರೆ ದೀಪ ತಾನಾಗಿಯೇ ಆರುತ್ತದೆ. ಕೆಲವು ಹಳೆಯ ಸಣ್ಣ ಎಂಜಿನ್ನುಗಳಲ್ಲಿ ಹೆಡ್‌ಲೈಟಿಗೆ ಹೋಗುವುದು ಬ್ಯಾಟರಿಯ ಡಿಸಿ ಅಲ್ಲ, ಕಾಯಿಲಿನಿಂದ ಬರುವ ಎಸಿ. ಮಲ್ಟಿಮೀಟರ್ ಹಿಡಿದು ನೋಡದೆ ಅದಕ್ಕೆ ಎಲ್‌ಇಡಿ ಜೋಡಿಸಬಾರದು.

ವೈರಿನ ಸಿಪ್ಪೆಯನ್ನು ಚುಚ್ಚಿ ಹಿಡಿಯುವ ಕ್ಲಿಪ್ಪುಗಳನ್ನು ಮಲೆನಾಡಿನಲ್ಲಿ ಬಳಸಲೇಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಆ ಚುಚ್ಚಿದ ತೂತಿನಿಂದಲೇ ನೀರು ಒಳಸೇರಿ ತಾಮ್ರ ಹಸಿರುಗಟ್ಟುತ್ತದೆ. ತುದಿಗಳನ್ನು ಒತ್ತುವ ಇಕ್ಕಳದಿಂದ ಒತ್ತಿ, ಒಳಬದಿಗೆ ಅಂಟು ಸವರಿರುವ, ಬಿಸಿಗೆ ಕುಗ್ಗುವ ಶ್ರಿಂಕ್ ಟ್ಯೂಬ್ ಏರಿಸಿ ಬಿಸಿಮಾಡಿದರೆ ಬಾಳಿಕೆ ಬರುತ್ತದೆ. ದೀಪದ ಹತ್ತಿರ ವೈರು ಒಮ್ಮೆ ಕೆಳಗಿಳಿದು ಮತ್ತೆ ಮೇಲೇರಲಿ. ಹಾಗಿದ್ದರೆ ಅದರ ಮೇಲೆ ಹರಿದು ಬರುವ ಮಳೆನೀರು ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಇಡೀ ಕೆಲಸದಲ್ಲಿ ಜೀವಕ್ಕೆ ಸಂಬಂಧಿಸಿದ ಭಾಗವೊಂದಿದೆ. ಹ್ಯಾಂಡಲ್ ತಿರುಗುವ ವಸ್ತು. ಅದರ ಮೇಲಿನ ವೈರು ಎರಡೂ ಕೊನೆಗೆ ತಿರುಗಿದಾಗ ಬಿಗಿಯಬಾರದು, ಎಲ್ಲಿಯೂ ಸಿಕ್ಕಬಾರದು. ಹೊಸ ವೈರನ್ನು ಆಕ್ಸಲರೇಟರ್ ಕೇಬಲ್ಲಿಗೆ ಸೇರಿಸಿ ಟೈ ಬಿಗಿಯುವವರನ್ನು ಕಂಡಿದ್ದೇನೆ. ನೋಡಲು ಅಚ್ಚುಕಟ್ಟು, ಆದರೆ ಅಪಾಯ. ಎಂಜಿನ್ ಆರಿಸಿ, ಹ್ಯಾಂಡಲನ್ನು ಎಡತುದಿಗೆ, ನಡುವಿಗೆ, ಬಲತುದಿಗೆ ತಂದು, ಪ್ರತಿ ಕಡೆಯಲ್ಲೂ ಹೆಬ್ಬೆರಳಿನ ಆಕ್ಸಲರೇಟರ್ ಒತ್ತಿ ಬಿಡಿ. ಅದು ಟಕ್ಕೆಂದು ವಾಪಸಾಗಬೇಕು. ಆಮೇಲೆ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಬಿಟ್ಟು, ಹ್ಯಾಂಡಲನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ. ಎಂಜಿನ್ನಿನ ಸದ್ದು ಕಿಂಚಿತ್ತೂ ಏರಬಾರದು. ಏರಿದರೆ ಎಲ್ಲೋ ಕೇಬಲ್ ಎಳೆಯುತ್ತಿದೆ ಎಂದೇ ಅರ್ಥ. ಆಗ ಎಲ್ಲ ಟೈಗಳನ್ನೂ ಕತ್ತರಿಸಿ ವೈರಿಗೆ ಬೇರೆ ದಾರಿ ಹುಡುಕಬೇಕು.

ದೀಪದ ಕೋನ ಹೊಂದಿಸಲು ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ಜಾಗವಿಲ್ಲ. ಸಮತಟ್ಟಾದ ಸಿಮೆಂಟ್ ನೆಲ, ಎದುರಿಗೆ ಗೋದಾಮಿನ ಗೋಡೆ. ಗೋಡೆಯಿಂದ 25 ಅಡಿ ದೂರದಲ್ಲಿ ಗಾಡಿ ನಿಲ್ಲಿಸಿ, ನೆಲದಿಂದ ದೀಪದ ನಡುವಿನವರೆಗಿನ ಎತ್ತರ ಅಳೆದು, ಗೋಡೆಯ ಮೇಲೆ ಅದೇ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದೆ. ಗಾಡಿಯ ಮೇಲೆ ಆಳು ಕೂತಿರಬೇಕು. ಕೂತಾಗ ಹಿಂದಿನ ಸಸ್ಪೆನ್ಷನ್ ತಗ್ಗಿ ಮೂತಿ ಮೇಲೇಳುತ್ತದೆ, ಹಿಂದೆ ಹೊರೆಯಿದ್ದರೆ ಇನ್ನೂ ಹೆಚ್ಚು. ಹೆಡ್‌ಲೈಟಿಗೆ ಸಾಮಾನ್ಯವಾಗಿ ಗೆರೆಗಿಂತ ಎರಡು ಇಂಚು ಕೆಳಗೆ ಬೆಳಕಿನ ಮೇಲಂಚು ಇರಬೇಕೆನ್ನುತ್ತಾರೆ. ನಾನು ಒಂದು ಅಡಿಯಷ್ಟು ಕೆಳಗೆ ಇಳಿಸಿದೆ. ಈ ದೀಪ ಹತ್ತಿರದ ನೆಲವನ್ನು ತೋರಿಸಲಿಕ್ಕೆ ಇರುವುದು. ಮೇಲಕ್ಕೆ ಎತ್ತಿದಷ್ಟೂ ಕೊಂಬೆಗಳು ಬೆಳಗುತ್ತವೆ, ಹಳ್ಳ ಕಾಣುವುದಿಲ್ಲ, ಎದುರು ನಡೆದು ಬರುವ ಕೆಲಸದವರ ಕಣ್ಣೂ ಕೋರೈಸುತ್ತದೆ. ಕೋನ ಹೊಂದಿದ ಮೇಲೆ ಬೋಲ್ಟಿಗೆ ನೀಲಿ ಥ್ರೆಡ್ ಲಾಕರ್ (ಅದುರಿ ಸಡಿಲಾಗದಂತೆ ಹಿಡಿಯುವ ಅಂಟು) ಹಚ್ಚಿ ಬಿಗಿದೆ. ತೋಟದೊಳಗಿನ ಬಳಕೆಗೆಂದೇ ಹಾಕಿದ ದೀಪ ಇದು. ಸಾರ್ವಜನಿಕ ರಸ್ತೆಯಲ್ಲಿ ಇದನ್ನು ಉರಿಸಬಾರದು.

ಮಂಜಿನ ವಿಷಯ ಬೇರೆಯೇ. ಹ್ಯಾಂಡಲಿನ ದೀಪ ಕಣ್ಣಿಗೆ ತೀರ ಹತ್ತಿರದಲ್ಲಿದೆ. ಮಂಜಿನ ಹನಿಗಳು ಚದುರಿಸಿದ ಬೆಳಕು ನೇರ ನಮ್ಮ ಕಣ್ಣಿಗೇ ವಾಪಸ್ಸಾಗಿ, ಎದುರಿಗೆ ಬಿಳಿ ಪರದೆ ಕಟ್ಟಿದಂತಾಗುತ್ತದೆ. ಕಾರುಗಳಲ್ಲಿ ಫಾಗ್ ಲ್ಯಾಂಪನ್ನು ಬಂಪರಿನ ಕೆಳಗೆ ಇಡುವುದೂ ಇದೇ ಕಾರಣಕ್ಕೆ. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ನಾನು ಮೇಲಿನ ದೀಪ ಆರಿಸಿ, ಕೆಳಗಿನ ಮೂಲ ಹೆಡ್‌ಲೈಟನ್ನು ಲೋ ಬೀಮ್‌ನಲ್ಲಿಟ್ಟು ಹೋಗುತ್ತೇನೆ. ಹೊಸ ದೀಪಕ್ಕೆ ಬೇರೆಯೇ ಸ್ವಿಚ್ ಬೇಕೆಂದು ಹಟ ಹಿಡಿದದ್ದಕ್ಕೆ ಇದೊಂದೇ ಕಾರಣ ಸಾಕು.

ದೀಪದ ಪೆಟ್ಟಿಗೆಯ ಮೇಲೆ ಐಪಿ67 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು ಎಂದರ್ಥ. ಒತ್ತಡದ ಪಂಪಿನಿಂದ ತೊಳೆಯುವುದನ್ನು ಅದು ತಾಳುತ್ತದೆ ಎಂದಲ್ಲ. ಕೆಸರು ತೊಳೆಯುವಾಗ ಪಂಪಿನ ಮೂತಿಯನ್ನು ದೀಪದಿಂದ ದೂರವೇ ಇಡಬೇಕು. ಹಿಂಬದಿಯ ಲೋಹದ ರೆಕ್ಕೆಗಳಲ್ಲಿ ಕೂತ ಮಣ್ಣನ್ನು ಹಳೆಯ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ಎಲ್‌ಇಡಿಯ ಕಾವು ಹೊರಗೆ ಹೋಗುವುದು ಅಲ್ಲಿಂದಲೇ.

ಗಾಡಿ ನಿಲ್ಲಿಸಿ ಪೈಪು ಜೋಡಿಸುವಾಗ ಹ್ಯಾಂಡಲನ್ನು ಜೋಡಣೆಯ ಕಡೆಗೆ ತಿರುಗಿಸಿಟ್ಟರೆ ಸಾಕು, ಟಾರ್ಚ್ ಹಿಡಿಯಲು ಇನ್ನೊಬ್ಬರು ಬೇಡ. ಕೆಲಸಕ್ಕೆ ಎರಡೂ ಕೈ ಸಿಗುತ್ತವೆ. ಆಗ ಬ್ಯಾಟರಿಯ ಕಡೆ ಗಮನವಿರಲಿ. ನನ್ನದು 14 ಆಂಪಿಯರ್ ಅವರ್‌ನದು. ಎಂಜಿನ್ ಆರಿಸಿ ಒಂದು ಗಂಟೆ ಈ ದೀಪವೊಂದನ್ನೇ ಉರಿಸಿದರೂ ಅದರ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಖಾಲಿ, ಮೂಲ ಹೆಡ್‌ಲೈಟೂ ಉರಿಯುತ್ತಿದ್ದರೆ ಇನ್ನಷ್ಟು. ಹತ್ತು ಹದಿನೈದು ನಿಮಿಷ ಮೀರುವ ಕೆಲಸವಾದರೆ ಎಂಜಿನ್ ಓಡುತ್ತಲೇ ಇರಲಿ. ಎಲ್ಲ ದೀಪ ಹಾಕಿಕೊಂಡು, ಎಂಜಿನ್ ಐಡಲ್‌ನಲ್ಲಿರುವಾಗ ಬ್ಯಾಟರಿ ತುದಿಯಲ್ಲಿ ಮಲ್ಟಿಮೀಟರ್ 13 ವೋಲ್ಟ್‌ಗಿಂತ ಮೇಲೆ ತೋರಿಸುತ್ತಿದ್ದರೆ ಗಾಡಿ ಹೊಸ ದೀಪವನ್ನು ಹೊರುತ್ತಿದೆ. ಅದಕ್ಕಿಂತ ಕೆಳಗಿಳಿದರೆ ಇನ್ನೂ ಕಡಿಮೆ ವ್ಯಾಟ್‌ನ ದೀಪ ಹಾಕಿ.