ವಾಕ್ಯದ ಕಟ್ಟು ಬದಲಾದರೆ ಅರ್ಥ ಬದಲಾಗುತ್ತಾ? ನೀವೇ ಪರೀಕ್ಷೆ ಮಾಡಿ ನೋಡುವ ದಾರಿ

'ಅವಳು ಎರಡು ಪುಸ್ತಕ ಓದಲಿಲ್ಲ.'

ಮುಂದೆ ಓದುವ ಮೊದಲು ಈ ವಾಕ್ಯದ ಅರ್ಥ ಏನು ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಿ. ಕೆಲವರಿಗೆ ತಟ್ಟನೆ ಹೊಳೆಯುವುದು, ಎರಡು ಪುಸ್ತಕ ಓದದೆ ಉಳಿದಿವೆ ಅಂತ. ಇನ್ನು ಕೆಲವರಿಗೆ, ಅವಳು ಓದಿದ್ದು ಎರಡಲ್ಲ, ಒಂದೋ ಏನೂ ಇಲ್ಲವೋ ಅಂತ. ಇರುವುದು ನಾಲ್ಕೇ ಪದ, ಎರಡೂ ಅರ್ಥಕ್ಕೆ ಅವೇ ನಾಲ್ಕು. ಹಾಗಾದರೆ ವ್ಯತ್ಯಾಸ ಪದಗಳಲ್ಲಿಲ್ಲ. 'ಎರಡು' ಮತ್ತು 'ಇಲ್ಲ' ಇವುಗಳಲ್ಲಿ ಯಾವುದರ ಹಿಡಿತಕ್ಕೆ ಯಾವುದು ಬರುತ್ತದೆ ಅನ್ನುವುದರಲ್ಲಿದೆ. ಭಾಷಾವಿಜ್ಞಾನಿಗಳು ವರ್ಷಗಟ್ಟಲೆ ಕೂತು ಅಗೆಯುವುದು ಇಂಥದ್ದನ್ನೇ. ಒಳ್ಳೆಯ ಸುದ್ದಿ ಏನಂದರೆ ಅವರ ಮುಖ್ಯ ಉಪಾಯಗಳಿಗೆ ಲ್ಯಾಬ್ ಬೇಕಿಲ್ಲ. ಒಂದು ನೋಟ್‌ಬುಕ್, ಕನ್ನಡ ಮಾತಾಡುವ ನಾಲ್ಕೈದು ಜನ, ಸ್ವಲ್ಪ ತಾಳ್ಮೆ ಸಾಕು.

ಮೊದಲನೆಯದು, ಜೋಡಿ ವಾಕ್ಯ ಮಾಡಿಕೊಳ್ಳಿ. ಎರಡು ವಾಕ್ಯಗಳ ನಡುವೆ ಒಂದೇ ಒಂದು ಕಡೆ ವ್ಯತ್ಯಾಸ ಇರಬೇಕು, ಉಳಿದದ್ದೆಲ್ಲ ಹಾಗೇ ಇರಬೇಕು. 'ಅವಳು ಪುಸ್ತಕ ಹುಡುಕುತ್ತಿದ್ದಾಳೆ', 'ಅವಳು ಪುಸ್ತಕವನ್ನು ಹುಡುಕುತ್ತಿದ್ದಾಳೆ' ಇದು ಒಳ್ಳೆಯ ಜೋಡಿ. ಮೊದಲನೆಯದರಲ್ಲಿ ಯಾವುದೋ ಒಂದು ಪುಸ್ತಕ ಸಿಕ್ಕರೂ ಆಯಿತು. ಎರಡನೆಯದು ಕೇಳಿದ ಕೂಡಲೇ 'ಯಾವ ಪುಸ್ತಕ?' ಅಂತ ಕೇಳಬೇಕು ಅನ್ನಿಸುತ್ತದೆ, ಅಲ್ವಾ? ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪುಸ್ತಕದ ಜಾಗದಲ್ಲಿ ಮನುಷ್ಯರನ್ನು ಇಡಿ. 'ಅವಳು ಹುಡುಗನನ್ನು ಕರೆದಳು' ಸರಿ, 'ಅವಳು ಹುಡುಗ ಕರೆದಳು' ಕೆಟ್ಟುಹೋಯಿತು. ಅಂದರೆ ವಸ್ತುವಿಗೆ 'ಅನ್ನು' ಬಿಡಬಹುದು, ಮನುಷ್ಯರಿಗೆ ಬಿಡುವಂತಿಲ್ಲ. ಇಷ್ಟು ಸಣ್ಣ ಪ್ರತ್ಯಯ ಎರಡೆರಡು ಕೆಲಸ ಮಾಡುತ್ತಿದೆ ಅನ್ನುವುದು ಜೋಡಿ ಮಾಡಿ ನೋಡುವವರೆಗೂ ಕಣ್ಣಿಗೆ ಬೀಳುವುದೇ ಇಲ್ಲ. ಒಂದೇ ಸಲಕ್ಕೆ ಪ್ರತ್ಯಯವನ್ನೂ ಬದಲಿಸಿ ಕ್ರಿಯಾಪದವನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಹೇಳಲು ಬರುವುದಿಲ್ಲ.

ಎರಡನೆಯದೇ ಅಸಲಿ ಕೆಲಸ, ಇದಕ್ಕೆ ಜಾಸ್ತಿ ಸಮಯ ಕೊಡಿ. ಯಾರನ್ನೂ 'ಈ ವಾಕ್ಯಕ್ಕೆ ಎಷ್ಟು ಅರ್ಥ ಇದೆ?' ಅಂತ ನೇರವಾಗಿ ಕೇಳಬೇಡಿ. ಕೇಳಿದರೆ ಅವರು ಮೊದಲು ಹೊಳೆದದ್ದನ್ನು ಹೇಳುತ್ತಾರೆ, ಇಲ್ಲವಾದರೆ ನಿಮ್ಮ ಮುಖ ನೋಡಿ ನಿಮಗೆ ಬೇಕಾದ ಉತ್ತರ ಕೊಡುತ್ತಾರೆ. ಅದರ ಬದಲು ಒಂದು ಸನ್ನಿವೇಶ ಕಟ್ಟಿ, ವಾಕ್ಯ ಹೇಳಿ, ನಿಜವೋ ಸುಳ್ಳೋ ಅಂತ ಮಾತ್ರ ಕೇಳಿ. ಮಕ್ಕಳ ಭಾಷೆಯನ್ನು ಅಧ್ಯಯನ ಮಾಡುವವರು ದಶಕಗಳಿಂದ ಮಾಡುತ್ತಿರುವುದು ಇದನ್ನೇ. ಗೊಂಬೆಗಳಿಂದ ಒಂದು ಪುಟ್ಟ ಕಥೆ ಆಡಿ ತೋರಿಸುತ್ತಾರೆ, ಕೊನೆಗೆ ಒಂದು ಕೈಗೊಂಬೆ ಬಂದು 'ಏನಾಯಿತು ಅಂತ ನಾನು ಹೇಳ್ತೀನಿ' ಅಂತ ಒಂದು ವಾಕ್ಯ ಹೇಳುತ್ತದೆ, ಗೊಂಬೆ ಹೇಳಿದ್ದು ಸರಿಯಾ ತಪ್ಪಾ ಅಂತ ಮಗು ತೀರ್ಪು ಕೊಡುತ್ತದೆ. ದೊಡ್ಡವರನ್ನು ತಿದ್ದಲು ಹಿಂಜರಿಯುವ ಮಗು ಗೊಂಬೆಯನ್ನು ಖುಷಿಯಿಂದ ತಿದ್ದುತ್ತದೆ.

ಸನ್ನಿವೇಶ ಕಟ್ಟುವುದರಲ್ಲಿ ಒಂದು ಗುಂಡಿ ಇದೆ, ನಾನು ಅದರಲ್ಲಿ ಬಿದ್ದಿದ್ದೇನೆ. ಪುಸ್ತಕದ ವಾಕ್ಯಕ್ಕೆ ಮೊದಲ ಸಲ ನಾನು ಮಾಡಿದ್ದು ಹೀಗೆ: ಮೇಜಿನ ಮೇಲೆ ಮೂರು ಪುಸ್ತಕ, ಅವಳು ಒಂದು ಓದಿದಳು, ಎರಡು ಉಳಿದವು. ಕೇಳಿದವರೆಲ್ಲ 'ನಿಜ' ಅಂದರು, ನನಗೆ ಖುಷಿಯೋ ಖುಷಿ. ಆಮೇಲೆ ಲೆಕ್ಕ ಹಾಕಿದರೆ ಇಲ್ಲಿ ಎರಡೂ ಅರ್ಥ ನಿಜವಾಗುತ್ತದೆ! ಎರಡು ಉಳಿದದ್ದೂ ನಿಜ, ಎರಡು ಓದಿಲ್ಲದ್ದೂ ನಿಜ. ಯಾರ ತಲೆಯಲ್ಲಿ ಯಾವ ಅರ್ಥ ಇತ್ತು ಅಂತ ತಿಳಿಯುವ ದಾರಿಯೇ ಇಲ್ಲ. ಸನ್ನಿವೇಶ ಎರಡು ಅರ್ಥಗಳನ್ನು ಬೇರೆ ಮಾಡಬೇಕು. ಹೀಗೆ ಮಾಡಿ: ನಾಲ್ಕು ಪುಸ್ತಕ ಇಡಿ, ಎರಡು ಓದಲಿ, ಎರಡು ಉಳಿಯಲಿ. ಈಗ 'ಎರಡು ಉಳಿದಿವೆ' ಅನ್ನುವ ಅರ್ಥ ನಿಜ, 'ಓದಿದ್ದು ಎರಡಲ್ಲ' ಅನ್ನುವುದು ಸುಳ್ಳು. ಬೇರೆಯವರಿಗೆ ಎರಡೇ ಪುಸ್ತಕ ಇಡಿ, ಒಂದು ಮಾತ್ರ ಓದಲಿ. ಈಗ ಉಲ್ಟಾ ಆಗುತ್ತದೆ. ಯಾವ ಸನ್ನಿವೇಶದಲ್ಲಿ ಜನ 'ನಿಜ' ಅಂದರು ಅಂತ ನೋಡಿದರೆ ಅರ್ಥ ತಾನಾಗಿಯೇ ಗೊತ್ತಾಗುತ್ತದೆ.

ಈ ವಾಕ್ಯವನ್ನು ಸುಮ್ನೆ ಆರಿಸಿಕೊಂಡಿದ್ದಲ್ಲ. ಜೆಫ್ರಿ ಲಿಡ್ಜ್ ಅನ್ನುವ ಅಮೆರಿಕದ ಭಾಷಾವಿಜ್ಞಾನಿ ಕನ್ನಡದ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಅವರು ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದೇ ಬಗೆಯ ವಾಕ್ಯಗಳನ್ನು ಕನ್ನಡದ ಮತ್ತು ಇಂಗ್ಲಿಷಿನ 4 ವರ್ಷದ ಮಕ್ಕಳ ಮುಂದೆ ಇಟ್ಟರು. ಎರಡೂ ಭಾಷೆಯ ದೊಡ್ಡವರು ಎರಡೂ ಅರ್ಥವನ್ನು ಒಪ್ಪಿದರು. ಮಕ್ಕಳು ಮಾತ್ರ 'ಎರಡಲ್ಲ' ಅನ್ನುವ ಅರ್ಥದ ಕಡೆಗೇ ವಾಲಿದರು. ಇಲ್ಲಿ ಏನು ವಿಶೇಷ ಅಂತೀರಾ? ಇಂಗ್ಲಿಷಿನಲ್ಲಿ 'ಇಲ್ಲ' ಮೊದಲು ಬರುತ್ತದೆ, 'ಎರಡು ಪುಸ್ತಕ' ಆಮೇಲೆ. ಕನ್ನಡದಲ್ಲಿ ಉಲ್ಟಾ, 'ಎರಡು ಪುಸ್ತಕ' ಮೊದಲು, 'ಇಲ್ಲ' ವಾಕ್ಯದ ಬಾಲದಲ್ಲಿ. ಮಕ್ಕಳು ಕಿವಿಗೆ ಬಿದ್ದ ಸಾಲಿನ ಕ್ರಮ ಹಿಡಿದು ಅರ್ಥ ಮಾಡಿಕೊಳ್ಳುವುದಾದರೆ ಕನ್ನಡದ ಮಕ್ಕಳ ಉತ್ತರ ಬೇರೆಯೇ ಆಗಬೇಕಿತ್ತು. ಆಗಲಿಲ್ಲ. ಎರಡೂ ಭಾಷೆಗಳಲ್ಲಿ ಸಮಾನವಾಗಿರುವುದು ಏನಂದರೆ, ವಾಕ್ಯವನ್ನು ಒಂದು ಮರದ ಹಾಗೆ ಬಿಡಿಸಿದರೆ 'ಇಲ್ಲ' ಮೇಲಿನ ಕೊಂಬೆಯಲ್ಲಿರುತ್ತದೆ, 'ಎರಡು ಪುಸ್ತಕ' ಅದರ ಕೆಳಗಿರುತ್ತದೆ. ಮಕ್ಕಳು ಹಿಡಿದದ್ದು ಆ ಮೇಲು ಕೆಳಗನ್ನು.

ಹಾಗಂತ ಮಕ್ಕಳಿಗೆ ಇನ್ನೊಂದು ಅರ್ಥ ಬರುವುದೇ ಇಲ್ಲ ಅಂತ ತಿಳಿಯಬೇಡಿ. 'ಇಲ್ಲ' ಅನ್ನುವ ವಾಕ್ಯ ಯಾವ ಹಿನ್ನೆಲೆಯೂ ಇಲ್ಲದೆ ಬಂದರೆ ಯಾರಿಗೂ ವಿಚಿತ್ರವೇ. ಇಂಥದ್ದೇ ಬೇರೆ ವಾಕ್ಯಗಳನ್ನು ಇಟ್ಟುಕೊಂಡು ಇಂಗ್ಲಿಷ್ ಮಕ್ಕಳ ಜೊತೆ ಮಾಡಿದ ನಂತರದ ಪ್ರಯೋಗಗಳಲ್ಲಿ, ಮೊದಲು ಒಂದು ಕೆಲಸ ಆಯಿತು, ಎರಡನೆಯದು ಆಗಲಿಲ್ಲ ಅಂತ ಹೋಲಿಕೆ ಕೊಟ್ಟಾಗ ಮಕ್ಕಳು ಕಷ್ಟದ ಅರ್ಥವನ್ನೂ ಹೆಚ್ಚಾಗಿ ಒಪ್ಪಿದರು. ನಿಮ್ಮ ಸನ್ನಿವೇಶದಲ್ಲೂ ಇದನ್ನು ಸೇರಿಸಿ. ಅವಳು ಓದಬೇಕು ಅಂತ ಹೊರಟಿದ್ದಳು, ಶುರು ಮಾಡಿದಳು, ಅಷ್ಟರಲ್ಲಿ ನಿದ್ದೆ ಬಂತು, ಹೀಗೆ ಏನಾದರೂ.

ಮೂರನೆಯದು, ಯಾವ ಸುಳಿವಿಗೆ ಎಷ್ಟು ತೂಕ ಅಂತ ನೋಡಬೇಕಾದರೆ ಸುಳಿವುಗಳ ನಡುವೆ ಜಗಳ ಹಚ್ಚಿ. 'ಓಡು' ಮತ್ತು 'ಓಡಿಸು' ತೆಗೆದುಕೊಳ್ಳಿ. 'ಕುದುರೆ ಓಡಿತು', 'ಹುಡುಗಿ ಕುದುರೆಯನ್ನು ಓಡಿಸಿದಳು'. ಎರಡನೆಯದರಲ್ಲಿ ಬೇರೆಯವರಿಂದ ಕೆಲಸ ಮಾಡಿಸುವ ಅರ್ಥ ಇದೆ. ಆ ಅರ್ಥ 'ಇಸು' ಪ್ರತ್ಯಯದಿಂದ ಬಂತೋ, ನಾಮಪದಗಳು ಒಂದರಿಂದ ಎರಡಾದದ್ದರಿಂದ ಬಂತೋ? ಎರಡೂ ಒಟ್ಟಿಗೇ ಬರುವವರೆಗೆ ಹೇಳಲಾಗದು. ಅದಕ್ಕೇ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೈಲಾ ಗ್ಲೈಟ್‌ಮನ್ ಅವೆರಡನ್ನೂ ಬೇರೆ ಮಾಡಿದರು. ಒಂದು ಬಗೆಯ ವಾಕ್ಯದಲ್ಲಿ ಎರಡು ನಾಮಪದ ಇಟ್ಟು 'ಇಸು' ತೆಗೆದರು, ಇನ್ನೊಂದರಲ್ಲಿ 'ಇಸು' ಇಟ್ಟು ಒಂದೇ ನಾಮಪದ ಉಳಿಸಿದರು. ಕೇಳಿದರೆ ಎರಡೂ ಅರೆಬರೆ ವಾಕ್ಯಗಳೇ, ಬೇಕಿದ್ದೂ ಅದೇ. ಕನ್ನಡ ಮಾತಾಡುವ 3 ವರ್ಷದ ಮಕ್ಕಳಿಗೆ ಇವನ್ನು ಆಟಿಕೆಗಳಿಂದ ಆಡಿ ತೋರಿಸಲು ಹೇಳಿದರೆ ಮಕ್ಕಳು ನಾಮಪದಗಳನ್ನು ಎಣಿಸಿದರು, 'ಇಸು'ವನ್ನು ಹೆಚ್ಚುಕಡಿಮೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇದು ಪ್ರಕಟವಾದದ್ದು 2003ರಲ್ಲಿ. ಎರಡು ನಾಮಪದ ಇದ್ದ ಮಾತ್ರಕ್ಕೆ ಮಾಡಿಸುವ ಅರ್ಥ ಬರಬೇಕೆಂದೇನಿಲ್ಲ ('ಅವಳು ಕುದುರೆಯನ್ನು ನೋಡಿದಳು' ಇದೆಯಲ್ಲ), 'ಓಡು', 'ಮಲಗು' ಥರದ ಕ್ರಿಯಾಪದಕ್ಕೆ 'ಇಸು' ಹತ್ತಿದರೆ ಮಾತ್ರ ಆ ಅರ್ಥ ಖಚಿತ. ಹೆಚ್ಚು ನಂಬಬಹುದಾದ ಸುಳಿವನ್ನು ಬಿಟ್ಟು ಕಡಿಮೆ ನಂಬಬಹುದಾದದ್ದನ್ನು ಮಕ್ಕಳು ಹಿಡಿದುಕೊಂಡರು! ವಾಕ್ಯದ ಕಟ್ಟನ್ನು ನೋಡುವ ಒಲವು ಮಕ್ಕಳಲ್ಲಿ ಮೊದಲೇ ಇರುತ್ತದೆ, ಬರೀ ಕೇಳಿ ಕಲಿತದ್ದಲ್ಲ ಅಂತ ಅವರು ವಾದಿಸಿದ್ದು ಇದರ ಮೇಲೇ. ನನ್ನನ್ನು ಕೇಳಿದರೆ ಕನ್ನಡದ ಮೇಲೆ ಆಗಿರುವ ಪ್ರಯೋಗಗಳಲ್ಲಿ ಇದರಷ್ಟು ಚುರುಕಾದದ್ದು ಕಡಿಮೆ. (ನೀವು ಇಂಥ ಪಟ್ಟಿ ಮಾಡುವಾಗ 'ಪ್ರೀತಿಸು', 'ಪ್ರಾರ್ಥಿಸು' ಸೇರಿಸಬೇಡಿ. ಅಲ್ಲಿ 'ಇಸು' ಮಾಡಿಸುವ ಕೆಲಸ ಮಾಡುತ್ತಿಲ್ಲ, ನಾಮಪದವನ್ನು ಕ್ರಿಯಾಪದ ಮಾಡುತ್ತಿದೆ ಅಷ್ಟೇ.)

ಜನರನ್ನು ಕೇಳುವಾಗ ಒಂದಷ್ಟು ಎಚ್ಚರ ಬೇಕು. ಜನ 'ಹೌದು' ಅನ್ನುವ ಕಡೆಗೇ ವಾಲುತ್ತಾರೆ, ಹಾಗಾಗಿ ಖಂಡಿತ ಸುಳ್ಳಾಗುವ ವಾಕ್ಯಗಳನ್ನೂ ನಡುನಡುವೆ ಬೆರೆಸಿ. ಅವಕ್ಕೂ 'ನಿಜ' ಅಂದವರ ಉತ್ತರವನ್ನು ಬದಿಗಿಡಿ. ಒಂದೇ ಥರದ ವಾಕ್ಯ ಹತ್ತಾರು ಸಲ ಕೇಳಿದರೆ ಕೆಟ್ಟ ವಾಕ್ಯವೂ ಸರಿ ಅನ್ನಿಸಲು ಶುರುವಾಗುತ್ತದೆ, ಇದು ಎಲ್ಲರಿಗಿಂತ ಮೊದಲು ಆಗುವುದು ನಿಮಗೇ. ನಾನಂತೂ 'ಅವಳು ಹುಡುಗ ಕರೆದಳು' ಅನ್ನುವುದನ್ನು ಒಂದು ಸಂಜೆ ಪೂರ್ತಿ ಗುನುಗಿ, ಕೊನೆಗೆ ಅದರಲ್ಲಿ ತಪ್ಪೇನಿದೆ ಅನ್ನುವ ಸ್ಥಿತಿಗೆ ಬಂದಿದ್ದೆ. ಇನ್ನೊಂದು, ಬಾಯಲ್ಲಿ ಹೇಳುವಾಗ ಎಲ್ಲಿ ಒತ್ತು ಕೊಡುತ್ತೀರಿ ಅನ್ನುವುದು ಅರ್ಥವನ್ನು ಎಳೆದಾಡುತ್ತದೆ. 'ಎರಡು' ಮೇಲೆ ಒತ್ತು ಬಿದ್ದರೆ ಆಟ ಮುಗಿಯಿತು. ಒಂದು ಸಲ ರೆಕಾರ್ಡ್ ಮಾಡಿ ಎಲ್ಲರಿಗೂ ಅದನ್ನೇ ಕೇಳಿಸುವುದು ಒಳ್ಳೆಯದು.

ಕಟ್ಟು ವಾಕ್ಯದಲ್ಲಿ ಮಾತ್ರ ಇರುತ್ತದೆ ಅಂದುಕೊಂಡಿದ್ದರೆ ಇದನ್ನೂ ಮಾಡಿ ನೋಡಿ. ಒಂದು ಬಾಗಿಲು, ಮೊದಲಿಂದಲೂ ಮುಚ್ಚಿಯೇ ಇತ್ತು, ಗಾಳಿಗೆ ತೆರೆದುಕೊಂಡಿತು, ರವಿ ಬಂದು ಮುಚ್ಚಿದ. ಅವನು ಆ ಬಾಗಿಲನ್ನು ಹಿಂದೆಂದೂ ಮುಟ್ಟಿದವನೇ ಅಲ್ಲ. 'ರವಿ ಬಾಗಿಲನ್ನು ಮತ್ತೆ ಮುಚ್ಚಿದ' ಅನ್ನಬಹುದಾ? ನನ್ನ ಕಿವಿಗೆ ಆರಾಮಾಗಿ ಅನ್ನಬಹುದು. ಎರಡನೇ ಸಲ ಆದದ್ದು ರವಿಯ ಕೆಲಸ ಅಲ್ಲ, ಬಾಗಿಲು ಮುಚ್ಚಿರುವ ಸ್ಥಿತಿ. ಅಂದರೆ 'ಮುಚ್ಚು' ಅನ್ನುವ ಒಂದೇ ಪದದೊಳಗೆ ಮಾಡುವ ಕೆಲಸ ಒಂದು, ಅದರಿಂದ ಬರುವ ಸ್ಥಿತಿ ಒಂದು, ಹೀಗೆ ಎರಡು ತುಂಡು ಅಡಗಿವೆ, 'ಮತ್ತೆ' ಅವುಗಳಲ್ಲಿ ಯಾವುದಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ. ಈಗ 'ಮುಚ್ಚಿದ' ತೆಗೆದು 'ತಟ್ಟಿದ' ಹಾಕಿ. ತಟ್ಟಿದರೆ ಬಾಗಿಲಿಗೆ ಹೊಸ ಸ್ಥಿತಿಯೇನೂ ಬರುವುದಿಲ್ಲ, 'ಮತ್ತೆ'ಗೆ ಅಂಟಿಕೊಳ್ಳಲು ಇರುವುದು ಒಂದೇ ಜಾಗ. ರವಿ ಬಂದಿರುವುದು ಇದೇ ಮೊದಲ ಸಲ ಅಂತ ಹೇಳಿ, 'ರವಿ ಬಾಗಿಲನ್ನು ಮತ್ತೆ ತಟ್ಟಿದ' ಅನ್ನಿ. ಕೇಳಿದವರು ನಿಮ್ಮನ್ನು ತಡೆದು, ಮುಂಚೆ ಯಾವಾಗ ತಟ್ಟಿದ್ದ ಅಂತ ಕೇಳದಿದ್ದರೆ ಹೇಳಿ.