ಶಾಲೆಯಲ್ಲಿ ಮಕ್ಕಳಿಗೆ ಕೋವಿಡ್ ಲಸಿಕೆ: ಶಿಬಿರ ಕೆಡದಂತೆ ನಡೆಸುವ ಬಗೆ

ಶಾಲೆಯ ಲಸಿಕಾ ಶಿಬಿರ ಕೆಡುವುದು ಹೆಚ್ಚಾಗಿ ಎರಡು ಕಡೆ: ವಯಸ್ಸಿನ ಪಟ್ಟಿಯಲ್ಲಿ, ಇಲ್ಲವೇ ಸಾಲಿನಲ್ಲಿ. ಎರಡನ್ನೂ ಶಾಲೆಯವರೇ ಹಿಂದಿನ ದಿನ ಸರಿಮಾಡಿಕೊಳ್ಳಬಹುದು.

ಮೊದಲು ಪಟ್ಟಿ. ಇಲ್ಲಿನ ವಯಸ್ಸು, ನಿಯಮಗಳೆಲ್ಲ 2022ರ ಅಭಿಯಾನದವು. 15ರಿಂದ 18ರವರಿಗೆ ಕೋವ್ಯಾಕ್ಸಿನ್ ಶುರುವಾದದ್ದು 2022ರ ಜನವರಿ 3ಕ್ಕೆ, 12ರಿಂದ 14ರವರಿಗೆ ಕೋರ್ಬೆವ್ಯಾಕ್ಸ್ ಮಾರ್ಚ್ 16ಕ್ಕೆ. ಎರಡೂ ತಲಾ 0.5 ಮಿ.ಲೀ., ಎರಡು ಡೋಸ್, ನಡುವೆ 28 ದಿನ. ಜನವರಿ 3ಕ್ಕೆ ಮೊದಲನೆಯದಾದರೆ ಎರಡನೆಯದು 31ಕ್ಕೆ ಅಥವಾ ಆಮೇಲೆ. ಸರ್ಕಾರದ ಲಸಿಕೆ ನೋಂದಣಿ ತಾಣ ಕೋವಿನ್‌ನಲ್ಲಿ ದಾಖಲಾಗುತ್ತಿದ್ದದ್ದು ಹುಟ್ಟಿದ ಇಸವಿ ಮಾತ್ರ. 2010ರ ನವೆಂಬರಿನಲ್ಲಿ ಹುಟ್ಟಿದ ಮಗುವಿಗೆ ಆ ಮಾರ್ಚಿನಲ್ಲಿ 12 ತುಂಬಿರಲೇ ಇಲ್ಲ. ಅದಕ್ಕೇ ದಾಖಲಾತಿ ರಿಜಿಸ್ಟರ್ ನೋಡಿ ದಿನ, ತಿಂಗಳು, ಇಸವಿ ಮೂರನ್ನೂ ಬರೆದುಕೊಳ್ಳಿ. ಒಂಬತ್ತನೇ ತರಗತಿಯಲ್ಲಿ ಎರಡೂ ವಯಸ್ಸಿನವರು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ತರಗತಿವಾರು ಕರೆದರೆ ಲಸಿಕೆ ಅದಲುಬದಲಾಗುವುದು ಇಲ್ಲೇ. ಎರಡು ಲಸಿಕೆಗೆ ಎರಡು ದಿನ, ಆಗದಿದ್ದರೆ ಎರಡು ಕೋಣೆ, ಬೇರೆ ಬೇರೆ ಸಿಬ್ಬಂದಿ. ಎರಡನೇ ಡೋಸಿಗೂ ಮೊದಲಿನ ಮೊಬೈಲ್ ನಂಬರೇ ಕೊಡಿ. ನಂಬರ್ ಬದಲಾದರೆ ಅದು ಮತ್ತೊಂದು ಮೊದಲ ಡೋಸ್ ಎಂದು ದಾಖಲಾಗಿಬಿಡುತ್ತಿತ್ತು.

ಜ್ವರ ಇದ್ದವರನ್ನು ಮುಂದಿನ ಸರದಿಗೆ ಬಿಡಿ. ಕೊರೋನಾದಿಂದ ಗುಣವಾದವರು 2022ರಲ್ಲಿ 3 ತಿಂಗಳು ಕಾಯಬೇಕಿತ್ತು. ಮೊದಲ ಡೋಸಿಗೆ ತೀವ್ರ ಅಲರ್ಜಿ ಆಗಿದ್ದರೆ ಎರಡನೆಯದು ಬೇಡ. ಮುಟ್ಟಾದ ಹುಡುಗಿಯರು ಹಾಕಿಸಿಕೊಳ್ಳಬಹುದು. ಇದನ್ನು ಶಿಕ್ಷಕಿಯೊಬ್ಬರು ಮೊದಲೇ ಹೇಳಿಬಿಡಲಿ, ಎಷ್ಟೋ ಮಕ್ಕಳು ಕೇಳಲು ನಾಚಿ ಆ ದಿನ ಶಾಲೆಗೇ ಬರುವುದಿಲ್ಲ.

ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದು ನೇರವಾಗಿ ಲಸಿಕೆ ಒಯ್ಯುವ ಕ್ಯಾರಿಯರಿಗೆ ಇಡಬಾರದು. ಹೊರಗಿಟ್ಟು, ಮೈಯೆಲ್ಲ ಬೆವರಿ, ಕಿವಿ ಹತ್ತಿರ ಅಲುಗಿಸಿದಾಗ ಒಳಗೆ ನೀರು ಗುಳುಗುಳು ಅನ್ನಬೇಕು. ಈ ಎರಡೂ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಅಂಶವಿದೆ. ಒಮ್ಮೆ ಹೆಪ್ಪುಗಟ್ಟಿದರೆ ಅದು ಗಂಟುಕಟ್ಟಿ ಲಸಿಕೆ ಕೆಡುತ್ತದೆ, ಕರಗಿಸಿದರೂ ಸರಿಹೋಗದು. ವಯಲ್ (ಲಸಿಕೆಯ ಪುಟ್ಟ ಸೀಸೆ) ತೆರೆದ ಹೊತ್ತನ್ನು ಅದರ ಮೇಲೇ ಬರೆಯಿರಿ. 4 ಗಂಟೆ ದಾಟಿದರೆ ಬಳಸಬೇಡಿ. ಕೋರ್ಬೆವ್ಯಾಕ್ಸ್ ವಯಲ್‌ನಲ್ಲಿ 20 ಡೋಸ್, ಹಾಗಾಗಿ ಮಕ್ಕಳನ್ನೂ ಇಪ್ಪತ್ತರ ಲೆಕ್ಕದಲ್ಲಿ ಕರೆಸಿ.

ಇನ್ನು ಸಾಲು. ಹದಿಹರೆಯದವರು ಸೂಜಿಯ ಭಯಕ್ಕೆ ತಲೆ ಸುತ್ತಿ ಬೀಳುವುದು ದೊಡ್ಡವರಿಗಿಂತ ಹೆಚ್ಚು. ಒಬ್ಬರು ಬಿದ್ದರೆ ನೋಡುತ್ತ ನಿಂತ ಇನ್ನಿಬ್ಬರಿಗೂ ಕಣ್ಣು ಕತ್ತಲೆ ಬರುತ್ತದೆ. ಹೊಟ್ಟೆಗೆ ಏನಾದರೂ ತಿಂದೇ ಬರಲಿ, ಉಪವಾಸದ ದಿನ ಬೇಡವೇ ಬೇಡ. ಬಿಸಿಲಲ್ಲಿ ಸಾಲು ನಿಲ್ಲಿಸದೆ ನೆರಳಲ್ಲಿ ಕೂರಿಸಿ, ಐದೈದು ಜನರನ್ನು ಒಳಗೆ ಬಿಡಿ. ಸೂಜಿ ಚುಚ್ಚುವ ಜಾಗಕ್ಕೆ ಒಂದು ಪರದೆ ಕಟ್ಟಿ, ಹಳೆ ಸೀರೆಯಾದರೂ ಸಾಕು. ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಬರಲು ಹೇಳಿ. ಬಿಗಿ ತೋಳನ್ನು ಅರ್ಧಕ್ಕೆ ಮಡಚಿದರೆ ಸೂಜಿ ಸರಿಯಾದ ಜಾಗಕ್ಕೆ ಬೀಳುವುದಿಲ್ಲ. ಭುಜದ ಮೂಳೆಯ ತುದಿಯಿಂದ ಎರಡು ಮೂರು ಬೆರಳು ಕೆಳಗಿನ ದಪ್ಪ ಸ್ನಾಯುವಿಗೇ ಬೀಳಬೇಕು.

ಮೇಲ್ದುಟಿಯ ಮೇಲೆ ಬೆವರು, ಬಿಳಿಚಿದ ಮುಖ, ಆಕಳಿಕೆ ಕಂಡ ಕೂಡಲೇ ಮಗುವನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿ, ಕಾಲನ್ನು ಎತ್ತರಿಸಿ. ಎಬ್ಬಿಸಿ ಕೂರಿಸಿ ನೀರು ಕುಡಿಸುವುದೇ ಎಲ್ಲರೂ ಮಾಡುವ ತಪ್ಪು. ಪೂರ್ತಿ ಎಚ್ಚರವಾಗುವವರೆಗೆ ನೀರು ಕೊಡಬೇಡಿ. ಬರೀ ತಲೆಸುತ್ತಾದರೆ ನಾಡಿ ನಿಧಾನವಾಗಿರುತ್ತದೆ, ಮಲಗಿಸಿದ ಒಂದೆರಡು ನಿಮಿಷದಲ್ಲಿ ಚೇತರಿಕೆ. ಮೈಮೇಲೆ ದದ್ದು, ಊದಿದ ತುಟಿ, ಉಸಿರಾಟದಲ್ಲಿ ಸಿಳ್ಳೆ, ವೇಗದ ದುರ್ಬಲ ನಾಡಿ ಇದ್ದರೆ ಅದು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿ. ಸಿಬ್ಬಂದಿ ತಕ್ಷಣ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು ಕೊಡಬೇಕು, ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಲಸಿಕೆ ಹಾಕಿದ ಮೇಲೆ ಮಕ್ಕಳನ್ನು 30 ನಿಮಿಷ ಅಲ್ಲೇ ಕಾಯಿಸುವುದು ಇದಕ್ಕಾಗಿಯೇ. ಬೆಲ್ ಹೊಡೆಯಿತೆಂದು ಯಾರನ್ನೂ ಬಿಡಬೇಡಿ.

ಮನೆಗೆ ಹೋದ ಮೇಲೆ ತೋಳುನೋವು, ಒಂದೆರಡು ದಿನ ಜ್ವರ ಬರಬಹುದು. ಜ್ವರ ಬರುವ ಮುಂಚೆಯೇ ಪ್ಯಾರಾಸಿಟಮಾಲ್ ನುಂಗಿಸುವ ಅಗತ್ಯವಿಲ್ಲ. ಬಂದರೆ 40 ಕೆ.ಜಿ. ತೂಕದ ಮಗುವಿಗೆ 500 ಮಿ.ಗ್ರಾಂ., ಮತ್ತೊಂದು ಬೇಕಾದರೆ 6 ಗಂಟೆ ಬಿಟ್ಟು. ಆಸ್ಪಿರಿನ್ ಕೊಡಬೇಡಿ.